ಚೋಕ್ ಚೈನ್, ಬಾಡಿ ಬೆಲ್ಟ್, ಹೆಡ್ ಹಾಲ್ಟರ್: ಎಳೆಯುವ ನಾಯಿಗೆ ಯಾವುದು ಸರಿ?

ಕಾಸರಗೋಡಿನ ಒಳನಾಡಿನ ತೋಟದ ಮನೆಗಳಲ್ಲಿ ನಾಯಿಯ ದಿನಚರಿ ಹೆಚ್ಚುಕಡಿಮೆ ಒಂದೇ. ಹಗಲಿಡೀ ಕೊಟ್ಟಿಗೆಯ ಕಂಬಕ್ಕೆ ಸರಪಳಿ, ರಾತ್ರಿಯಾದರೆ ಕಾಡುಹಂದಿ ಓಡಿಸಲೆಂದು ತೋಟಕ್ಕೆ ಬಿಡುಗಡೆ. ಇಂಥ ನಾಯಿಯನ್ನು ಒಂದು ಬೆಳಿಗ್ಗೆ ರಸ್ತೆಗೆ ಕರೆದೊಯ್ದರೆ ಅದು ನಡೆಯುವುದಿಲ್ಲ, ನಮ್ಮನ್ನೂ ಎಳೆದುಕೊಂಡು ಓಡುತ್ತದೆ. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ಕ್ರೌರ್ಯವೆಂದೇ ಎಣಿಸಿದೆ. ವ್ಯಾಯಾಮ ಕೊಡಲು ಹೊರಟವನ ಭುಜದ ಕೀಲಿನ ಬಗ್ಗೆ ಮಾತ್ರ ಅದು ಏನನ್ನೂ ಹೇಳಿಲ್ಲ.

ನಮ್ಮಲ್ಲಿ ಎರಡು ನಾಯಿಗಳಿವೆ. ಬ್ರೂನೊ ಲ್ಯಾಬ್ರಡಾರ್, ಮೂವತ್ತು ಕಿಲೋ ದಾಟಿದವನು, ತಿನ್ನುವುದೆಂದರೆ ಪ್ರಾಣ. ಕಾಳಿ ನಾಡುನಾಯಿ, ತೂಕ ಅವನ ಅರ್ಧ, ಬುದ್ಧಿ ಎರಡರಷ್ಟು. ಮನೆ ನೀರ್ಚಾಲಿನ ಹತ್ತಿರ. ಗೇಟಿನಿಂದ ಕುಂಬಳೆ–ಮುಳ್ಳೇರಿಯ ರಸ್ತೆಯವರೆಗೆ ಮುರಕಲ್ಲು ಕಡಿದು ಮಾಡಿದ ಓಣಿ. ಎರಡೂ ಬದಿಯಲ್ಲಿ ಆಳೆತ್ತರದ ದರೆ; ಎದುರಿನಿಂದ ಜೀಪು ಬಂದರೆ ನಡೆಯುವವರು ಅದಕ್ಕೆ ಒರಗಿ ನಿಲ್ಲಬೇಕು. ಓಣಿ ಮುಗಿದಲ್ಲಿ ಖಾಸಗಿ ಬಸ್ಸುಗಳು ಓಡುವ ರಸ್ತೆ. ಕೆಳಗಿನ ಹೋಲಿಕೆ ಈ ಎರಡು ನಾಯಿಗಳದ್ದು ಮತ್ತು ಈ ನೆಲದ್ದು. ನಗರದ ಪಾರ್ಕಿನಲ್ಲಿ ನಡೆಸುವವರ ಲೆಕ್ಕ ಬೇರೆ ಇರಬಹುದು.

ನಾಯಿ ಎಳೆಯುವುದಕ್ಕೆ ದೊಡ್ಡ ಕಾರಣಗಳೇನೂ ಇಲ್ಲ. ಅದರ ಸಹಜ ನಡಿಗೆ ನಮ್ಮದಕ್ಕಿಂತ ಬಿರುಸು. ಮುಂದೆ ಏನೋ ವಾಸನೆ ಇದೆ, ಎಳೆದರೆ ಅದು ಹತ್ತಿರವಾಗುತ್ತದೆ, ಆದ್ದರಿಂದ ನಾಳೆಯೂ ಎಳೆಯುತ್ತದೆ. ತಾನೇ ಯಜಮಾನ ಎಂದು ತೋರಿಸಿಕೊಳ್ಳಲು ನಾಯಿ ನಮಗಿಂತ ಮುಂದೆ ಹೋಗುತ್ತದೆ ಎಂಬ ವಾದವನ್ನು ನಮ್ಮ ಭಾವ ಈಗಲೂ ಬಿಟ್ಟಿಲ್ಲ. ಬ್ರೂನೊ ಕೊಟ್ಟಿಗೆಯ ಕರುವಿಗೂ ಹೆದರುವವನು. ಅವನಿಗೆ ಯಜಮಾನಿಕೆ ಎಲ್ಲಿಂದ ಬರಬೇಕು? ಹಾಗಾಗಿ ಪ್ರತಿಯೊಂದು ಸಲಕರಣೆಯಲ್ಲೂ ನಾನು ನೋಡಿದ್ದು ಒಂದನ್ನೇ: ಎಳೆದರೆ ಲಾಭವಿದೆ ಎಂಬ ನಾಯಿಯ ಲೆಕ್ಕವನ್ನು ಇದು ಕೆಡಿಸುತ್ತದೆಯೇ, ಅಥವಾ ಎಳೆತವನ್ನು ಸಹಿಸಲು ನಮಗೆ ಅನುಕೂಲ ಮಾಡಿಕೊಡುತ್ತದೆಯೇ?

ಮೊದಲು ಚೋಕ್ ಚೈನ್. ಎಳೆದಂತೆ ಉರುಳಾಗಿ ಬಿಗಿಯುವ ಈ ಸರಪಳಿ ಭಾವನ ಶಿಫಾರಸು, ತಂದುಕೊಟ್ಟವರೂ ಅವರೇ. "ಒಂದು ಜಗ್ಗು ಜಗ್ಗು, ಬುದ್ಧಿ ಬರುತ್ತದೆ" ಎಂದಿದ್ದರು. ಜಗ್ಗುವುದು ಸುಲಭ, ಜಗ್ಗಿದ ಕೂಡಲೇ ಸಡಿಲಿಸುವುದು ಕಷ್ಟ. ಅದೂ ನಾಯಿ ಮುನ್ನುಗ್ಗುವ ಕ್ಷಣಕ್ಕೇ ಆಗಬೇಕು. ಸರಪಳಿಯನ್ನು ತಿರುಗುಮುರುಗಾಗಿ ಹಾಕಿದರೆ ಕೈ ಸಡಿಲಿಸಿದರೂ ಅದು ಸಡಿಲವಾಗುವುದಿಲ್ಲ, ಬಿಗಿದದ್ದು ಬಿಗಿದೇ ಇರುತ್ತದೆ. ಅದರಲ್ಲೇ ಪಳಗಿದ ಕೈಗೆ ಇದೆಲ್ಲ ಸಾಧ್ಯವಿರಬಹುದು. ಬ್ರೂನೊ ಮಾತ್ರ ಗೊರಗೊರ ಉಸಿರೆಳೆಯುತ್ತ, ಕೆಮ್ಮುತ್ತ, ಎಳೆಯುತ್ತಲೇ ಇದ್ದ. ಕಾಳಿಯ ವಿಷಯದಲ್ಲಿ ಅದು ಫಲ ಕೊಟ್ಟಿತು, ಆದರೆ ಬೇಡದ ಫಲ. ಅವಳು ಎಳೆಯುವುದನ್ನು ಬಿಟ್ಟಳು, ಜೊತೆಗೆ ಬರುವುದನ್ನೂ ಬಿಟ್ಟಳು. ಮೊಳೆಯಿಂದ ಸರಪಳಿ ತೆಗೆಯುವ ಸದ್ದು ಕೇಳಿದರೆ ಸಾಕು, ಸೌದೆ ರಾಶಿಯ ಹಿಂದೆ ಹೋಗಿ ಬಾಲ ಮಡಚಿ ಕುಳಿತುಬಿಡುತ್ತಿದ್ದಳು. ನಡೆಸಲೆಂದು ತಂದ ವಸ್ತುವಿಗೆ ನಾಯಿ ಅಡಗಿ ಕುಳಿತರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಕೊರಳ ಪಟ್ಟಿಯನ್ನು ನಾಯಿ ಎಳೆದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಎದೆಗೆ ಹಾಕಿದ ಪಟ್ಟಿಯನ್ನು ಎಳೆದಾಗ ಹಾಗಾಗುವುದಿಲ್ಲ ಎಂದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿದೆ. ಅಂದರೆ ಸಾಮಾನ್ಯ ಕೊರಳ ಬೆಲ್ಟಿನಲ್ಲಿ ಎಳೆಯಲು ಬಿಡುವುದೂ ಒಳ್ಳೆಯದಲ್ಲ. ಅದು ಗುರುತಿನ ಬಿಲ್ಲೆ ತೂಗುಹಾಕಲು ಇರಲಿ. ವಿದ್ಯುತ್ ಆಘಾತ ಕೊಡುವ ಕಾಲರ್ ಕೂಡ ಮಾರುಕಟ್ಟೆಯಲ್ಲಿದೆ. ವೇಲ್ಸ್ ಅದನ್ನು 2010ರಲ್ಲೇ ನಿಷೇಧಿಸಿತು; ನಮ್ಮ ಅಂಗಳಕ್ಕೂ ಅದಕ್ಕೆ ಪ್ರವೇಶವಿಲ್ಲ.

ಕೊರಳಿನ ಬದಲು ಎದೆಯನ್ನು ಬಳಸಿ ತೊಡಿಸುವ ಬಾಡಿ ಬೆಲ್ಟಿನಲ್ಲಿ ಎರಡು ಜಾತಿ. ಹೆಚ್ಚಿನ ಅಂಗಡಿಗಳಲ್ಲಿ ಕೇಳಿದ ಕೂಡಲೇ ಕೊಡುವುದು ಬೆನ್ನ ಮೇಲೆ ಉಂಗುರವಿರುವುದನ್ನು. ನಾಯಿಯ ಕೊರಳಿಗೆ ಇದರಿಂದ ಸುಖ, ಅದರಲ್ಲಿ ಸಂಶಯವಿಲ್ಲ. ಆದರೆ ಭಾರ ಎದೆ ಮತ್ತು ಹೆಗಲಿಗೆ ಹಂಚಿಹೋಗುವುದರಿಂದ ಎಳೆಯುವುದಕ್ಕೂ ಅಷ್ಟೇ ಸುಖ. ಹಿಮದ ನಾಡುಗಳಲ್ಲಿ ಜಾರುಬಂಡಿಗೆ ನಾಯಿಗಳನ್ನು ಹೂಡುವುದೂ ಇದೇ ತತ್ತ್ವದ ಮೇಲೆ. ಇದನ್ನು ಹಾಕಿಕೊಂಡ ಬ್ರೂನೊ ಓಣಿಯ ಏರಿನಲ್ಲಿ ನನ್ನನ್ನು ಸಲೀಸಾಗಿ ಮೇಲೆ ತಂದು ಮುಟ್ಟಿಸಿದ. ಎಳೆಯದ ನಾಯಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಎಳೆಯುವ ನಾಯಿಗೆ ಇದು ಪ್ರೋತ್ಸಾಹ.

ನಿಜವಾದ ಪೈಪೋಟಿ ಇರುವುದು ಹೆಡ್ ಹಾಲ್ಟರ್ ಮತ್ತು ಎದೆಯ ಮುಂದೆ ಉಂಗುರವಿರುವ ಬಾಡಿ ಬೆಲ್ಟ್, ಇವೆರಡರ ನಡುವೆ.

ಹೆಡ್ ಹಾಲ್ಟರ್ ಮೂತಿಯ ಸುತ್ತ ಒಂದು ಪಟ್ಟಿ, ಕಿವಿಯ ಹಿಂದೆ ಇನ್ನೊಂದು ಪಟ್ಟಿ. ಎತ್ತಿಗೆ ಮೂಗುದಾರ ಮಾಡುವ ಕೆಲಸವನ್ನು ಇದು ಚುಚ್ಚದೆಯೇ ಮಾಡುತ್ತದೆ: ತಲೆ ತಿರುಗಿದ ಕಡೆಗೆ ಮೈ ತಿರುಗುತ್ತದೆ. ಬಲದ ಲೆಕ್ಕದಲ್ಲಿ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಎಪ್ಪತ್ತು ದಾಟಿದ ಅಮ್ಮ ಎರಡು ಬೆರಳಿನಲ್ಲಿ ಹಗ್ಗ ಹಿಡಿದು ಬ್ರೂನೊನನ್ನು ಅಂಗಳದಲ್ಲಿ ಒಂದು ಸುತ್ತು ನಡೆಸಿದರು. ಆದರೆ ತೊಡಿಸುವುದೇ ಒಂದು ತಪಸ್ಸು. ಕುಣಿಕೆಯ ಆಚೆ ತಿಂಡಿ ಹಿಡಿದು, ನಾಯಿ ತಾನಾಗಿ ಮೂತಿ ತೂರಿಸುವವರೆಗೆ ಕಾಯಬೇಕು. ಅವಸರ ಮಾಡಿದರೆ ನೆಲಕ್ಕೆ ಮೂತಿ ಉಜ್ಜಿ ಪಟ್ಟಿಯನ್ನೇ ಕಿತ್ತುಹಾಕುತ್ತದೆ. ಬ್ರೂನೊ ತಿಂಡಿಯ ಆಸೆಗೆ ಒಪ್ಪಿದ. ಕಾಳಿ ಎಷ್ಟು ಪುಸಲಾಯಿಸಿದರೂ ಎರಡೂ ಮುಂಗಾಲುಗಳಿಂದ ಮೂಗು ಕೆರೆದುಕೊಳ್ಳುತ್ತ ನಿಂತಲ್ಲೇ ನಿಂತಳು. ಅಪಾಯವೂ ಇಲ್ಲದಿಲ್ಲ. ಉದ್ದ ಹಗ್ಗ ಕಟ್ಟಿದ್ದಾಗ ನಾಯಿ ಓಡಿ ಕೊನೆ ಮುಟ್ಟಿದರೆ ಕತ್ತು ಒಮ್ಮೆಲೇ ತಿರುಚುತ್ತದೆ. ಆದ್ದರಿಂದ ಇದಕ್ಕೆ ಗಿಡ್ಡ ಹಗ್ಗವೇ ಬೇಕು, ಜಗ್ಗಲೂ ಬಾರದು. ಇನ್ನೊಂದು ತೊಂದರೆಯನ್ನು ಯಾವ ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ. ಕೇರಳದಲ್ಲಿ ಬೀದಿನಾಯಿ ಕಚ್ಚಿದ ಸುದ್ದಿ ಪತ್ರಿಕೆಯಲ್ಲಿ ಬಾರದ ವಾರವಿಲ್ಲ. ಮೂತಿಗೆ ಪಟ್ಟಿ ಕಂಡರೆ ಜನರಿಗೆ ಅದು ಕಚ್ಚುವ ನಾಯಿಗೆ ಹಾಕಿದ ಕುಕ್ಕೆ. ಶಾಲೆಗೆ ಹೋಗುವ ಮಕ್ಕಳು ದರೆ ಹತ್ತಿದರು. ಹಾಲಿನ ಸೊಸೈಟಿಗೆ ಹೊರಟ ಹೆಂಗಸರು ಕ್ಯಾನು ಅಡ್ಡ ಹಿಡಿದು ನಿಂತರು. ಹೀಗೆ ಜನ ಹೆದರಿದರೆ ನಾಯಿಯೂ ಬೆಚ್ಚುತ್ತದೆ, ಕಲಿತದ್ದೂ ಕೆಡುತ್ತದೆ.

ಎದೆಯ ಉಂಗುರದ ಬೆಲ್ಟಿಗೆ ಅಷ್ಟು ಬಲವಿಲ್ಲ. ಆದರೆ ಅದರ ಯುಕ್ತಿ ಚೆನ್ನಾಗಿದೆ. ನಾಯಿ ನೇರ ನುಗ್ಗಿದಾಗ ಹಗ್ಗ ಎದೆಯಿಂದ ಪಕ್ಕಕ್ಕೆ ಸೆಳೆಯುತ್ತದೆ, ಹೆಗಲು ನಮ್ಮ ಕಡೆ ವಾಲುತ್ತದೆ, ನುಗ್ಗಿದ ನಾಯಿ ನಮ್ಮ ಮುಖ ನೋಡುತ್ತ ನಿಂತಿರುತ್ತದೆ. ಮೊದಲ ಸಲ ಹೀಗಾದಾಗ ಬ್ರೂನೊ ಯಾರೋ ಹಿಂದಿನಿಂದ ಕರೆದರು ಎಂದುಕೊಂಡು ಬಾಲ ಅಲ್ಲಾಡಿಸಿದ. ತೊಡಿಸಲು ತಪಸ್ಸು ಬೇಡ, ಮಕ್ಕಳು ಹೆದರುವುದಿಲ್ಲ, ಕಾಳಿಯೂ ಒಪ್ಪಿದಳು. ಹೆಗಲಿನ ಮೇಲೆ ಅಡ್ಡವಾಗಿ ಹಾದುಹೋಗುವ ಪಟ್ಟಿಯದ್ದು ಬೇಡ, ಅದು ಮುಂಗಾಲು ಚಾಚಲು ಬಿಡುವುದಿಲ್ಲ. ಕೊರಳ ಬುಡದಿಂದ ಎದೆಯ ನಡುವಿಗೆ ಇಳಿದು ಕಾಲುಗಳ ನಡುವೆ ಹಾದುಹೋಗುವುದನ್ನೇ ಆರಿಸಿ. ಪಟ್ಟಿಯ ಕೆಳಗೆ ಎರಡು ಬೆರಳು ತೂರಬೇಕು. ಮಳೆಗಾಲ ಇದರ ಶತ್ರು. ನಮ್ಮ ಜೂನ್–ಜುಲೈ ತಿಂಗಳುಗಳಲ್ಲಿ ಒದ್ದೆಯಾದ ನೈಲಾನು ಒಣಗುವುದೇ ಇಲ್ಲ, ಕಂಕುಳಲ್ಲಿ ಉಜ್ಜಿ ಚರ್ಮ ಕೆಂಪಾಗುತ್ತದೆ, ಪಟ್ಟಿಯ ಅಡಿಯಲ್ಲಿ ಉಣ್ಣಿಗಳು ಅಡಗುತ್ತವೆ. ಮನೆಗೆ ಬಂದ ಕೂಡಲೇ ಬಿಚ್ಚಿ ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಮರುದಿನಕ್ಕೆ ಒಣಗುತ್ತದೆ, ಸ್ವಲ್ಪ ಹೊಗೆಯ ವಾಸನೆಯೊಂದಿಗೆ.

ನನ್ನ ತೀರ್ಪು ಎದೆಯ ಉಂಗುರಕ್ಕೆ. ನಾಯಿಯ ಬಲ ತಡೆಯಲಾಗದವರಿಗೆ, ವಯಸ್ಸಾದವರಿಗೆ, ಹೆಡ್ ಹಾಲ್ಟರ್.

ಹಗ್ಗದ ವಿಷಯ ಚಿಕ್ಕದು, ಆದರೆ ಬಿಡುವಂಥದ್ದಲ್ಲ. ಕಬ್ಬಿಣದ ಸರಪಳಿಯ ಭಾರ ನಾಯಿಯ ಮೈಮೇಲೆ ಸದಾ ಇರುತ್ತದೆ; ಯಾವಾಗ ಬಿಗಿ, ಯಾವಾಗ ಸಡಿಲ ಎಂಬುದು ಅದಕ್ಕೆ ಗೊತ್ತಾಗುವುದೇ ಇಲ್ಲ. ಸ್ಪ್ರಿಂಗಿನ ಬಲದಿಂದ ತಾನಾಗಿ ಹಿಡಿಯೊಳಗೆ ಸುತ್ತಿಕೊಳ್ಳುವ ಹಗ್ಗ ಇನ್ನೂ ಕೆಟ್ಟದ್ದು. ಅದು ಯಾವಾಗಲೂ ತುಸು ಬಿಗಿಯಾಗಿಯೇ ಇರುತ್ತದೆ, ಎಳೆದಷ್ಟೂ ಉದ್ದ ಸಿಗುತ್ತದೆ. ಎಳೆಯಬೇಡ ಎಂದು ಕಲಿಸಲು ಹೊರಟವರು ಎಳೆದರೆ ಸಿಗುತ್ತದೆ ಎಂದು ಕಲಿಸುವ ಯಂತ್ರಕ್ಕೆ ದುಡ್ಡು ಕೊಡುವುದೇಕೆ? ಆರಡಿಯ ಹತ್ತಿ ಪಟ್ಟಿ ಸಾಕು.

ಇನ್ನು ಕಲಿಸುವ ಕ್ರಮ. ಸಲಕರಣೆ ಎಷ್ಟೇ ಒಳ್ಳೆಯದಿರಲಿ, ಇದಿಲ್ಲದೆ ಕೆಲಸಕ್ಕೆ ಬಾರದು.

ಎಲ್ಲರೂ ಹೇಳುವುದು ನಿಂತುಬಿಡುವ ಕ್ರಮ: ಹಗ್ಗ ಬಿಗಿಯಾದ ಕ್ಷಣ ನಿಲ್ಲಿ, ಸಡಿಲವಾದಾಗ ನಡೆಯಿರಿ. ಕಾಳಿಗೆ ಇದು ಬೇಗ ಅರ್ಥವಾಯಿತು. ಬ್ರೂನೊ ಮಾತ್ರ ಬಿಗಿದ ಹಗ್ಗಕ್ಕೆ ಮೈಯೊರಗಿಸಿ, ಸುತ್ತಮುತ್ತ ನೋಡುತ್ತ, ನಾನು ಬೇಸತ್ತು ಹೊರಡುವುದನ್ನು ಕಾಯುತ್ತಿದ್ದ. ಬಸ್ ರಸ್ತೆಯಲ್ಲಂತೂ ಹೀಗೆ ನಿಲ್ಲುವ ಮಾತೇ ಇಲ್ಲ. ಅವನಿಗೆ ಹಿಡಿಸಿದ್ದು ಹಿಂದಿರುಗುವ ಕ್ರಮ. ಹಗ್ಗ ಬಿಗಿಯುವ ಮೊದಲೇ, ಅವನು ನನ್ನ ಮೊಣಕಾಲು ದಾಟಿ ಮುಂದೆ ಹೋದ ಕೂಡಲೇ, ಒಂದೂ ಮಾತಿಲ್ಲದೆ ತಿರುಗಿ ಬಂದ ದಾರಿಯಲ್ಲಿ ನಡೆಯುವುದು. ಎಳೆದರೆ ಬೇಕಾದ ಜಾಗ ಹತ್ತಿರವಾಗುವ ಬದಲು ದೂರವಾಗುತ್ತದೆ. ಇದು ಲ್ಯಾಬ್ರಡಾರ್ ತಲೆಗೂ ಹತ್ತುವ ಲೆಕ್ಕ. ನೋಡುವವರಿಗೆ ವಿಚಿತ್ರ, ನಿಜ. ಒಂದೇ ಗೇಟಿನ ಮುಂದೆ ಆಚೆಗೆ ಈಚೆಗೆ ನಡೆಯುತ್ತಿದ್ದ ನನ್ನನ್ನು ನೋಡಿ ಪಕ್ಕದ ಮನೆಯ ಹಾಜಿಯವರು, "ಏನಾದರೂ ಬಿದ್ದುಹೋಯಿತೇ? ಟಾರ್ಚು ತರಲೇ?" ಎಂದು ಕೇಳಿದರು.

ತಿಂಡಿಯನ್ನು ಎಲ್ಲಿ ಕೊಡುತ್ತೇವೆ ಎಂಬುದು ಏನು ಕೊಡುತ್ತೇವೆ ಎಂಬುದಕ್ಕಿಂತ ಮುಖ್ಯ. ಕೈಯನ್ನು ಮುಂದಕ್ಕೆ ಚಾಚಿ ಕೊಟ್ಟರೆ ನಾಯಿ ಮುಂದೆಯೇ ಇರಲು ಕಲಿಯುತ್ತದೆ. ಎಡ ಮೊಣಕಾಲಿನ ಪಕ್ಕಕ್ಕೆ, ಪಂಚೆಗೆ ತಾಗುವಷ್ಟು ಹತ್ತಿರ ಕೈ ತಂದು, ಹಗ್ಗ ಸಡಿಲವಿರುವಾಗಲೇ ಕೊಡಬೇಕು. ಪಂಚೆಗೆ ಜೇಬಿಲ್ಲದ ಕಾರಣ ಅಜ್ಜನ ಎಲೆಸಂಚಿಯನ್ನು ಸೊಂಟಕ್ಕೆ ಕಟ್ಟಿಕೊಂಡೆ. ಅದರಲ್ಲಿ ತೆಂಗಿನಕಾಯಿಯ ಚೂರು, ಬೇಯಿಸಿದ ಗೆಣಸು. ಓಣಿಗೆ ಇಷ್ಟು ಸಾಕು. ಆದರೆ ಮೀನಿನವನ ಸ್ಕೂಟರಿನ ಹಾರ್ನು ಕೇಳಿದರೆ ಬ್ರೂನೊಗೆ ಗೆಣಸು ಕಾಣುವುದಿಲ್ಲ. ಅಲ್ಲಿ ಬೇಕಾದದ್ದು ಉಪ್ಪು ತೊಳೆದ ಒಣಸಿಗಡಿ. ಅದನ್ನು ಎಲೆಸಂಚಿಗೆ ಹಾಕಲು ಅಮ್ಮ ಜೀವವಿರುವವರೆಗೆ ಬಿಡುವುದಿಲ್ಲವೆಂದರು; ಪ್ರತ್ಯೇಕ ಡಬ್ಬಿ ಬಂತು. ಹಾರ್ನು ದೂರದಲ್ಲಿ ಕೇಳಿದಾಗಲೇ ಗುಡ್ಡೆಯ ಬಯಲಿಗೆ ಸರಿದು, ಅಷ್ಟು ದೂರದಿಂದ ಸ್ಕೂಟರನ್ನು ನೋಡುತ್ತ ಸಿಗಡಿ ತಿನ್ನುವುದು. ದಿನ ಕಳೆದಂತೆ ದೂರ ಕಡಿಮೆ ಮಾಡುವುದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮಾತ್ರ ಕೊಡಬಾರದು. ನಾಯಿಗೆ ಅವು ವಿಷ.

ಕಾಳಿಗೆ ತಿಂಡಿಯೇ ಬೇಡ. ಕೊಟ್ಟರೆ ಮರ್ಯಾದೆಗೆಂದು ಬಾಯಲ್ಲಿ ಹಿಡಿದು ಮುಂದೆ ಹೋಗಿ ಉಗುಳುತ್ತಾಳೆ. ಅವಳಿಗೆ ಬೇಕಾದದ್ದು ತೋಟದ ಕಣಿಯ ಬದಿಯಲ್ಲಿ ರಾತ್ರಿ ಹಂದಿ ಕೆದಕಿದ ಮಣ್ಣು. ಆದ್ದರಿಂದ ಅವಳ ಕೂಲಿ ಅದೇ: ಹತ್ತು ಹೆಜ್ಜೆ ಹಗ್ಗ ಸಡಿಲವಿಟ್ಟು ನಡೆದರೆ ಕಣಿಗೆ ಹೋಗಿ ಬೇಕಾದಷ್ಟು ಮೂಸಬಹುದು. ತಿಂಡಿಗಿಂತ ಇದು ಮೇಲು ಎಂದು ಈಗ ನನಗೆ ಅನ್ನಿಸುತ್ತದೆ, ಏಕೆಂದರೆ ನಾಯಿ ಎಳೆಯುತ್ತಿದ್ದುದೇ ಇದಕ್ಕಾಗಿ. ಅದೇ ವಸ್ತುವನ್ನು ಎಳೆಯದಿದ್ದಾಗ ಮಾತ್ರ ಕೊಟ್ಟರೆ ಎಳೆಯಲು ಕಾರಣವೇ ಉಳಿಯುವುದಿಲ್ಲ. ಬ್ರೂನೊಗೂ ಗೇಟು ದಾಟಿದ ಮೊದಲ ಮರ ಈಗ ತಿಂಡಿಗೆ ಬದಲಿ.

ಎಲ್ಲ ಕ್ರಮಗಳನ್ನೂ ಕೆಡಿಸಬಲ್ಲವರು ಮನೆಯವರೇ. ನಾನು ಒಂದು ವಾರ ಕಲಿಸಿದ್ದನ್ನು ಮಗ ಒಂದು ಸಂಜೆಯ ಓಟದಲ್ಲಿ ಅಳಿಸುತ್ತಾನೆ. ಒಮ್ಮೊಮ್ಮೆ ಫಲ ಕೊಡುವ ಎಳೆತವನ್ನು ಬಿಡಿಸುವುದು ಸದಾ ಫಲ ಕೊಡುವುದನ್ನು ಬಿಡಿಸುವುದಕ್ಕಿಂತ ಕಷ್ಟ. ಅವನಿಗೆ ಓಡಬೇಡ ಎನ್ನುವ ಬದಲು ಉಂಗುರ ಹಂಚಿಕೊಂಡೆವು. ನಮ್ಮ ಬೆಲ್ಟಿಗೆ ಎದೆಯಲ್ಲೂ ಬೆನ್ನಲ್ಲೂ ಉಂಗುರವಿದೆ. ಬೆನ್ನಿಗೆ ಕೊಕ್ಕೆ ಹಾಕಿದರೆ ಮಗನ ಜೊತೆ ಗುಡ್ಡೆಗೆ ಓಟ, ಎಳೆದರೂ ಅಡ್ಡಿಯಿಲ್ಲ. ಎದೆಗೆ ಹಾಕಿದರೆ ನಡಿಗೆ. ಕೊಕ್ಕೆ ಎಲ್ಲಿ ಬಿತ್ತು ಎಂಬುದರಿಂದಲೇ ಇಬ್ಬರೂ ಯಾವ ಆಟ ಎಂದು ತಿಳಿದುಕೊಳ್ಳುತ್ತಾರೆ. ಪಶುವೈದ್ಯರಲ್ಲಿಗೆ ಅವಸರದಲ್ಲಿ ಓಡಬೇಕಾದಾಗಲೂ ಬೆನ್ನಿನ ಉಂಗುರವೇ, ಪಾಠ ಕೆಡುವುದಿಲ್ಲ.

ಕೊಳ್ಳುವ ಮೊದಲು ಮುಂಗಾಲುಗಳ ಹಿಂದೆ ಎದೆಯ ಸುತ್ತ ಒಂದು ನೂಲು ಸುತ್ತಿ, ಗಂಟು ಹಾಕಿ, ಆ ನೂಲನ್ನೇ ಅಂಗಡಿಗೆ ಒಯ್ಯಿರಿ. ಲ್ಯಾಬ್ರಡಾರ್ ಎಂದಾಕ್ಷಣ ನಮಗೆ ಒಂದು ಅಂಗಡಿಯಲ್ಲಿ ಅಂದಾಜಿಗೆ ಕೊಟ್ಟದ್ದು ಬ್ರೂನೊನ ಮುಂಗಾಲು ಹೊರಬರುವಷ್ಟು ದೊಗಲೆಯಾಗಿತ್ತು. ನಾಡುನಾಯಿಗೆ ಎದೆ ಆಳ, ಸೊಂಟ ಸಣ್ಣ, ತಲೆ ಕಿರಿದು. ಹಿಂದಕ್ಕೆ ಸರಿದು ತಲೆ ತಗ್ಗಿಸಿದರೆ ಸರಿಯಾದ ಅಳತೆಯ ಬೆಲ್ಟಿನಿಂದಲೂ ಜಾರಿಕೊಳ್ಳಬಲ್ಲದು. ಕಾಳಿಯ ಬಾಡಿ ಬೆಲ್ಟನ್ನೂ ಕೊರಳ ಬೆಲ್ಟನ್ನೂ ಸೇರಿಸಿ ಒಂದು ಗಿಡ್ಡ ಪಟ್ಟಿ ಹಾಕಿದ್ದೇನೆ. ಬಸ್ ರಸ್ತೆಗೆ ಹೋಗುವ ದಿನ ಅದು ಇಲ್ಲದೆ ಗೇಟು ತೆಗೆಯುವುದಿಲ್ಲ.