ಡೊರಿಕೊ ಮತ್ತು ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಡಿಸ್ಕವರ್: ಹಲವು ವರ್ಷ ಬಳಸಿದ ಮೇಲಿನ ವಿಮರ್ಶೆ

ಧಾರವಾಡದಲ್ಲಿದ್ದುಕೊಂಡು ಚರ್ಚಿನ ಗಾಯನ ವೃಂದಕ್ಕೂ ಹವ್ಯಾಸಿ ನಾಟಕ ತಂಡಗಳಿಗೂ ತಂತಿವಾದ್ಯಗಳ ಸಂಯೋಜನೆ ಬರೆಯುವವರಿಗೆ, ಬರೆದದ್ದನ್ನು ಕೂಡಲೇ ನುಡಿಸಿ ಕೇಳಿಸುವ ವಾದ್ಯವೃಂದ ಊರಿನಲ್ಲಿ ಸಿಗುವುದಿಲ್ಲ. ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ, ಓದಬಲ್ಲ ಕೆಲವು ವಯಲಿನ್ ವಾದಕರು ಹುಬ್ಬಳ್ಳಿಯಿಂದ ತಾಲೀಮಿಗೆ ಬರುವ ಹೊತ್ತಿಗೆ ಸ್ಕೋರಿನ (ಎಲ್ಲ ವಾದ್ಯಗಳ ಭಾಗಗಳನ್ನೂ ಒಟ್ಟಿಗೆ ಬರೆದ ಹಾಳೆ) ತಿದ್ದುಪಡಿಗಳೆಲ್ಲ ಮುಗಿದಿರಬೇಕು. ಆ ತಿದ್ದುಪಡಿಗಾಗಿ ನಾನು ಹಲವು ವರ್ಷಗಳಿಂದ ಸ್ಟೈನ್‌ಬರ್ಗ್ ಕಂಪನಿಯ, ಸ್ವರಲಿಪಿ ಬರೆದು ನುಡಿಸಿ ಕೇಳಿಸುವ ಡೊರಿಕೊ ಸಾಫ್ಟ್‌ವೇರನ್ನೂ ಸ್ಪಿಟ್‌ಫೈರ್ ಆಡಿಯೊದ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಡಿಸ್ಕವರ್ ಲೈಬ್ರರಿಯನ್ನೂ (ನಿಜವಾದ ವಾದ್ಯಗಳ ಧ್ವನಿಮುದ್ರಿತ ಸ್ವರಗಳ, ಅಂದರೆ ಸ್ಯಾಂಪಲ್‌ಗಳ, ಸಂಗ್ರಹ) ಜೊತೆಯಾಗಿ ಬಳಸುತ್ತಿದ್ದೇನೆ. ಲೈಬ್ರರಿ ಎಷ್ಟು ದೊಡ್ಡದು ಎಂಬುದಕ್ಕಿಂತ ಅದನ್ನು ಸಾಫ್ಟ್‌ವೇರಿಗೆ ಹೇಗೆ ಜೋಡಿಸಿದ್ದೇವೆ ಎಂಬುದೇ ಕೇಳಿಸುವ ಫಲವನ್ನು ನಿರ್ಧರಿಸುತ್ತದೆ ಎಂಬುದು ಈ ಬಳಕೆಯಿಂದ ನನಗೆ ಖಚಿತವಾಗಿದೆ.

ಡಿಸ್ಕವರ್ ಉಚಿತವಾಗಿ ಸಿಗುತ್ತದೆ. ಅದರ ಗಾತ್ರ ಸುಮಾರು 200 ಎಂಬಿ. ಅದರಲ್ಲಿ 33 ವಾದ್ಯಗಳಿವೆ. ಇದೇ ಸರಣಿಯ ಪ್ರೊಫೆಶನಲ್ ಆವೃತ್ತಿ ನೂರಾರು ಜಿಬಿ ಜಾಗ ಬೇಡುತ್ತದೆ. ಎಲ್ಲ ವಾದ್ಯಗಳನ್ನೂ ಲಂಡನ್ನಿನ ಮೈಡಾ ವೇಲ್ ಸ್ಟುಡಿಯೊದಲ್ಲಿ, ವಾದಕರು ವಾದ್ಯವೃಂದದಲ್ಲಿ ಕೂಡುವ ಜಾಗದಲ್ಲೇ ಕೂರಿಸಿ ಧ್ವನಿಮುದ್ರಿಸಿರುವುದರಿಂದ, ಮೊದಲ ವಯಲಿನ್ ಎಡಕ್ಕೂ ಚೆಲ್ಲೊ ಬಲಕ್ಕೂ ತಾವಾಗಿಯೇ ಕೇಳಿಸುತ್ತವೆ. ವಾದ್ಯಗಳ ನಡುವಿನ ದನಿಯ ಪ್ರಮಾಣವೂ ಬಹುಮಟ್ಟಿಗೆ ಸಹಜವಾಗಿದೆ. ಸ್ಕೋರ್ ಪರೀಕ್ಷಿಸುವವರಿಗೆ ಈ ಗುಣ ತುಂಬ ಮುಖ್ಯ. ವಿಯೋಲಾ ಭಾಗವು ಹಾರ್ನ್‌ಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆಯೇ ಎಂಬುದನ್ನು ಕಿವಿಯಿಂದ ತಿಳಿಯಬೇಕಾದರೆ ಎರಡೂ ಒಂದೇ ಕೋಣೆಯಲ್ಲಿ ನುಡಿದಿರಬೇಕು.

ಜೋಡಣೆಯ ತಿರುಳೆಂದರೆ ಎಕ್ಸ್‌ಪ್ರೆಶನ್ ಮ್ಯಾಪ್. ಹಾಳೆಯ ಮೇಲೆ ಪಿಜಿಕಾಟೊ (ತಂತಿಯನ್ನು ಬೆರಳಿನಿಂದ ಮೀಟುವುದು) ಎಂದು ಬರೆದರೆ ಸಾಫ್ಟ್‌ವೇರಿಗೆ ಅದು ಅರ್ಥವಾಗುತ್ತದೆ. ಆದರೆ ಲೈಬ್ರರಿಗೆ ಬೇಕಾದದ್ದು ಪದವಲ್ಲ, ಒಂದು ಕೀಸ್ವಿಚ್ ಸ್ವರ (ನುಡಿಸುವ ಬಗೆಯನ್ನು ಬದಲಿಸುವ ಕೀಲಿ) ಅಥವಾ ಒಂದು ಮಿಡಿ (ಸಂಗೀತ ಸಾಧನಗಳ ನಡುವಿನ ಸಂಕೇತ ಭಾಷೆ) ಕಂಟ್ರೋಲರ್ ಸಂಖ್ಯೆ. ಯಾವ ಬರಹಕ್ಕೆ ಯಾವ ಸೂಚನೆ ಹೋಗಬೇಕು ಎಂಬ ಪಟ್ಟಿಯೇ ಈ ಮ್ಯಾಪ್. ಡಿಸ್ಕವರ್‌ನ ತಂತಿವಾದ್ಯಗಳಲ್ಲಿ ಲಾಂಗ್ (ಕಮಾನಿನಿಂದ ಎಳೆದ ಸ್ವರ), ಸ್ಪಿಕ್ಕಾಟೊ (ಕಮಾನನ್ನು ಪುಟಿಸಿ ನುಡಿಸುವ ಮೊಟಕು ಸ್ವರ), ಪಿಜಿಕಾಟೊ, ಟ್ರೆಮೊಲೊ (ಕಮಾನನ್ನು ವೇಗವಾಗಿ ಹಿಂದೆ ಮುಂದೆ ಆಡಿಸಿದ ಸ್ವರ) ಎಂಬ ನಾಲ್ಕೇ ಬಗೆಗಳಿರುವುದರಿಂದ ಪಟ್ಟಿ ಚಿಕ್ಕದಾಗಿರುತ್ತದೆ; ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಇಲ್ಲಿ ಒಂದು ಎಚ್ಚರ ಬೇಕು. ಮಿಡಿ ಲೆಕ್ಕದಲ್ಲಿ 60 ಆಗಿರುವ ನಡುವಿನ ಸ್ವರವನ್ನು ಕೆಲವು ಕಂಪನಿಗಳು ಸಿ3 ಎಂದೂ ಕೆಲವು ಸಿ4 ಎಂದೂ ಗುರುತಿಸುತ್ತವೆ. ಆದ್ದರಿಂದ ಕೈಪಿಡಿಯಲ್ಲಿರುವ ಕೀಸ್ವಿಚ್ ಹೆಸರನ್ನು ಹಾಗೆಯೇ ತುಂಬಿದರೆ ಒಂದು ಸಪ್ತಕ ಆಚೀಚೆಯಾಗಿ ಪಿಜಿಕಾಟೊ ಇರುವಲ್ಲಿ ಕಮಾನಿನ ನಾದವೇ ಮುಂದುವರಿಯಬಹುದು.

ದನಿಯ ಏರಿಳಿತಕ್ಕೂ ಇಷ್ಟೇ ಗಮನ ಕೊಡಬೇಕು. ಎಳೆದು ನುಡಿಸುವ ಸ್ವರಗಳ ಮೆದು-ಜೋರನ್ನು ಇಂಥ ಲೈಬ್ರರಿಗಳು ಸಾಮಾನ್ಯವಾಗಿ ಮಾಡ್ಯುಲೇಶನ್ ವ್ಹೀಲ್, ಅಂದರೆ ಮಿಡಿ ಕಂಟ್ರೋಲರ್ ಸಂಖ್ಯೆ 1 (ಸಿಸಿ1), ಮೂಲಕ ಗ್ರಹಿಸುತ್ತವೆ. ಮೊಟಕು ಸ್ವರಗಳಿಗೆ ವೆಲಾಸಿಟಿ, ಅಂದರೆ ಕೀಲಿ ಒತ್ತುವ ವೇಗದ ಅಳತೆ, ಬೇಕಾಗುತ್ತದೆ. ಡೊರಿಕೊದ ಮ್ಯಾಪಿನಲ್ಲಿ ಪ್ರಧಾನ ಡೈನಾಮಿಕ್ಸ್ ಜೊತೆಗೆ ಎರಡನೆಯದನ್ನೂ ಆರಿಸಲು ಅವಕಾಶವಿದ್ದು, ಎರಡನ್ನೂ ತುಂಬಿದರೆ ಕ್ರೆಶೆಂಡೊ (ದನಿ ಕ್ರಮೇಣ ಏರುವ) ಚಿಹ್ನೆ ಕಮಾನಿನ ಸ್ವರಕ್ಕೂ ಮೀಟಿನ ಸ್ವರಕ್ಕೂ ಒಂದೇ ರೀತಿ ಅನ್ವಯಿಸುತ್ತದೆ.

ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಸ್ವರದ ಉದ್ದಕ್ಕೆ ತಕ್ಕಂತೆ ಸ್ಯಾಂಪಲ್ ಬದಲಿಸುವ ಷರತ್ತು. ಲಾಂಗ್ ಸ್ಯಾಂಪಲ್‌ಗಳ ಆರಂಭ ನಿಧಾನವಾಗಿರುತ್ತದೆ. ದ್ರುತಗತಿಯ, ಪೂರ್ಣ ಸ್ವರದ ಹದಿನಾರನೇ ಒಂದು ಭಾಗದಷ್ಟು ಚಿಕ್ಕ ಸ್ವರಗಳನ್ನು ಅವುಗಳಿಂದ ನುಡಿಸಿದರೆ ಇಡೀ ವಿಭಾಗ ತಾಳಕ್ಕಿಂತ ಹಿಂದೆ ಬಿದ್ದಂತೆ ಕೇಳುತ್ತದೆ, ಬರೆದವರಿಗೆ ತಮ್ಮ ಬರಹದ ಮೇಲೆಯೇ ಅನುಮಾನ ಹುಟ್ಟುತ್ತದೆ. ತೀರಾ ಚಿಕ್ಕ ಸ್ವರಗಳಿಗೆ ಸ್ಪಿಕ್ಕಾಟೊ ಬಳಸಬೇಕೆಂದು ಮ್ಯಾಪಿನಲ್ಲಿ ಷರತ್ತು ಹಾಕಿದರೆ ಈ ತೊಂದರೆ ಬಹುಪಾಲು ನೀಗುತ್ತದೆ. ಇನ್ನೊಂದು ಸಂಗತಿ: ಡೊರಿಕೊ ಸ್ಟಕಾಟೊ (ಬಿಡಿಸಿ ಮೊಟಕಾಗಿ ನುಡಿಸಬೇಕಾದ) ಸ್ವರವನ್ನು ತಾನೇ ಮೊಟಕುಗೊಳಿಸುತ್ತದೆ. ಮೊದಲೇ ಮೊಟಕಾಗಿರುವ ಸ್ಯಾಂಪಲ್ ಅದರಿಂದ ಮತ್ತೆ ಕತ್ತರಿಸಿಹೋಗದಂತೆ ಮ್ಯಾಪಿನ ಆ ಸಾಲಿನಲ್ಲಿ ಸ್ವರದ ಉದ್ದವನ್ನು ಶೇಕಡಾ 100 ಎಂದು ನಮೂದಿಸಬೇಕು. ಇದೆಲ್ಲ ಮುಗಿದ ಮೇಲೆ ಎಂಡ್‌ಪಾಯಿಂಟ್ ಕಾನ್ಫಿಗರೇಶನ್ (ಯಾವ ವಾದ್ಯಕ್ಕೆ ಯಾವ ನಾದ, ಯಾವ ಮ್ಯಾಪ್ ಎಂಬ ಜೋಡಣೆ) ಉಳಿಸಿ, ಅದನ್ನು ಪ್ಲೇಬ್ಯಾಕ್ ಟೆಂಪ್ಲೇಟಿಗೆ ಸೇರಿಸಿಟ್ಟರೆ ಹೊಸ ಸ್ಕೋರಿಗೆ ಒಂದೇ ಆಯ್ಕೆಯಲ್ಲಿ ಪೂರ್ಣ ವಾದ್ಯವೃಂದ ಸಿದ್ಧವಾಗುತ್ತದೆ.

ನಡುವೆ ಬೇರೊಂದು ಕಂಪನಿಯ ದುಬಾರಿ ತಂತಿವಾದ್ಯ ಲೈಬ್ರರಿಯನ್ನೂ ಕೊಂಡು ಬಳಸಿದೆ. ಬಿಡಿಯಾಗಿ ಕೇಳಿದರೆ ಅದರ ನಾದ ಹೆಚ್ಚು ಸುಂದರ. ಆದರೆ ಅದರೊಂದಿಗೆ ಡೊರಿಕೊಗೆ ಹೊಂದುವ ಮ್ಯಾಪ್ ಬರಲಿಲ್ಲ. ಅದರ ಕೋಣೆಯ ಅನುರಣನ ಡಿಸ್ಕವರ್‌ನ ಊದುವಾದ್ಯಗಳೊಂದಿಗೆ ಕೂಡಲಿಲ್ಲ. ಹಾರ್ಡ್ ಡಿಸ್ಕಿನಿಂದ ಸ್ಕೋರ್ ತೆರೆದುಕೊಳ್ಳುವಷ್ಟರಲ್ಲಿ ತಲೆಯಲ್ಲಿದ್ದ ಸಾಲು ಹಾರಿಹೋಗುತ್ತಿತ್ತು. ದೊಡ್ಡ ಲೈಬ್ರರಿ ಕೊಳ್ಳಲು ಬಯಸುವವರು ಮೊದಲು ವೇಗದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಕೊಳ್ಳಲಿ.

ಮ್ಯಾಪ್ ಬರೆಯುವ ತಾಳ್ಮೆ ಇಲ್ಲದವರಿಗೆ ನೋಟ್‌ಪರ್ಫಾರ್ಮರ್ ಎಂಬ, ಸ್ಕೋರನ್ನು ತಾನೇ ನುಡಿಸುವ ಸಾಫ್ಟ್‌ವೇರ್ ಇದೆ. ಅದು ಸ್ಕೋರನ್ನು ಸುಮಾರು ಒಂದು ಸೆಕೆಂಡ್ ಮುಂದಾಗಿ ಓದಿ, ಪದಗುಚ್ಛದ ನಡೆಯನ್ನು ತಿಳಿದು ನುಡಿಸುತ್ತದೆ. ಹಾಗಾಗಿ ಪ್ಲೇ ಒತ್ತಿದ ಮೇಲೆ ಅಷ್ಟು ಹೊತ್ತು ಕಾಯಬೇಕಾಗುತ್ತದೆ. 2022ರ ಡಿಸೆಂಬರಿನಲ್ಲಿ ಬಂದ ಮ್ಯೂಸ್‌ಸ್ಕೋರ್ 4 ಎಂಬ ಸ್ವರಲಿಪಿ ಸಾಫ್ಟ್‌ವೇರಿನ ಜೊತೆ ಸಿಗುವ ಮ್ಯೂಸ್ ಸೌಂಡ್ಸ್ ಲೈಬ್ರರಿ ಕೂಡ ಉಚಿತ, ನಾದವೂ ಚೆನ್ನಾಗಿದೆ. ಅದು ಆ ಸಾಫ್ಟ್‌ವೇರಿನ ಹೊರಗೆ ಕೆಲಸ ಮಾಡುವುದಿಲ್ಲ. 2024ರಲ್ಲಿ ಫಿನಾಲೆ ಎಂಬ ಸ್ವರಲಿಪಿ ಸಾಫ್ಟ್‌ವೇರಿನ ಬೆಳವಣಿಗೆ ನಿಂತ ಮೇಲೆ ಹೊಸದಾಗಿ ಸಾಫ್ಟ್‌ವೇರ್ ಆರಿಸುತ್ತಿರುವವರು ಈ ಎರಡನ್ನೂ ಕೇಳಿ ನೋಡುವುದು ಒಳ್ಳೆಯದು.

ನಮ್ಮ ಭಾಗದಲ್ಲಿ ಬರೆಯುವವರು ಎದುರಿಸಲೇಬೇಕಾದ ಒಂದು ಮಿತಿ ಮೀಂಡಿನದು, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ನಡೆಯದು. ನಾಟಕಕ್ಕೆ ಭೀಮಪಲಾಸ ರಾಗದ ಛಾಯೆಯ ಸಾಲೊಂದನ್ನು ಚೆಲ್ಲೊಗೆ ಬರೆದರೆ ಡಿಸ್ಕವರ್ ಸ್ವರಗಳನ್ನು ಬಿಡಿಬಿಡಿಯಾಗಿಯೇ ನುಡಿಯುತ್ತದೆ. ದೊಡ್ಡ ಆವೃತ್ತಿಗಳಲ್ಲಿರುವ ಲೆಗಾಟೊ ಸ್ವರದಿಂದ ಸ್ವರಕ್ಕೆ ನಯವಾಗಿ ದಾಟಿಸುತ್ತದೆಯೇ ಹೊರತು ಗಾಯಕರು ನಡುವೆ ನಿಂತು ತೋರುವ ಶ್ರುತಿಯನ್ನು ಅದು ಅರಿಯದು. ಹಾರ್ಮೋನಿಯಂಗೂ ಇದೇ ಕೊರತೆ ಇದ್ದರೂ ನಮ್ಮ ಖಯಾಲ್ ಗಾಯಕರು ಅದನ್ನು ಪಕ್ಕದಲ್ಲಿ ಇರಿಸಿಕೊಂಡೇ ಹಾಡಿದ್ದಾರೆ. ನಾನು ಅಂಥ ಸಾಲನ್ನು ಮಿಕ್ಸರಿನಲ್ಲಿ ಮ್ಯೂಟ್ ಮಾಡಿ, ಉಳಿದ ವಾದ್ಯಗಳನ್ನಷ್ಟೇ ಆಡಿಯೊ ಕಡತವಾಗಿ ತೆಗೆದು ವಾದಕರಿಗೆ ಮುಂಚಿತವಾಗಿ ಕಳುಹಿಸುತ್ತೇನೆ; ಮೀಂಡನ್ನು ಅವರು ಆ ಹಿನ್ನೆಲೆಯ ಮೇಲೆ ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ತಾಲೀಮಿಗೆ ಬರುತ್ತಾರೆ.