‘ದಿ ರೋಡ್’: ಓದೋದಾ, ನೋಡೋದಾ?

ಅಮೆರಿಕದ ಲೇಖಕ ಕಾರ್ಮ್ಯಾಕ್ ಮೆಕಾರ್ಥಿಯ ಕಾದಂಬರಿ ‘ದಿ ರೋಡ್’ 2006ರಲ್ಲಿ ಬಂತು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಬೂದಿ ಮುಚ್ಚಿದ ಅಮೆರಿಕದಲ್ಲಿ ಅಪ್ಪ, ಮಗ ತಳ್ಳುಗಾಡಿ ಹಿಡಿದು ಕಡಲಿನತ್ತ ನಡೆಯುತ್ತಾರೆ. ಅವರಿಗೆ ಹೆಸರೇ ಇಲ್ಲ. ಇಷ್ಟೊಂದು ಕತ್ತಲೆ ಬೇಡಪ್ಪಾ ಎಂದು ಅರ್ಧಕ್ಕೇ ಬಿಟ್ಟವರಿದ್ದಾರೆ, ಅಳುತ್ತಾ ಮುಗಿಸಿದವರೂ ಇದ್ದಾರೆ.

ಪುಸ್ತಕದಲ್ಲಿ ಅಧ್ಯಾಯಗಳಿಲ್ಲ, ಮಾತಿಗೆ ಉದ್ಧರಣ ಚಿಹ್ನೆಯೂ ಇಲ್ಲ. ಮೊದಲು ತೊಡಕೆನಿಸುತ್ತದೆ. ಆಮೇಲೆ ಆ ಪುಟ್ಟ ಪುಟ್ಟ ಮಾತುಗಳೇ ಹಿಡಿದು ಕೂರಿಸುತ್ತವೆ. ನಾವು ಒಳ್ಳೆಯವರೇ ಅಲ್ವಾ ಎಂದು ಹುಡುಗ ಮತ್ತೆ ಮತ್ತೆ ಖಚಿತ ಮಾಡಿಕೊಳ್ಳುತ್ತಾನೆ. ಅಪ್ಪನ ಭಯ ನಮ್ಮೊಳಗೇ ಇಳಿಯುತ್ತದೆ.

2009ರ ಸಿನಿಮಾ ಜಾನ್ ಹಿಲ್‌ಕೋಟ್ ಅವರದು. ಅಪ್ಪನ ಪಾತ್ರದ ವಿಗ್ಗೊ ಮಾರ್ಟೆನ್ಸನ್ ಸೊರಗಿದ ಮೈಯಲ್ಲೇ ಹಸಿವು ತೋರಿಸುತ್ತಾರೆ. ತಾಯಿಯ ಪಾತ್ರ ಇಲ್ಲಿ ಜಾಸ್ತಿ ಬೆಳೆದಿದೆ, ಅದು ನನಗೆ ಇಷ್ಟವಾಯಿತು. ಪುಸ್ತಕದ ಅತಿ ಘೋರ ದೃಶ್ಯವೊಂದು ಸಿನಿಮಾದಲ್ಲಿಲ್ಲ. ಆದರೆ ನೆಲಮಾಳಿಗೆಯಲ್ಲಿ ನಡೆಯುವ ಬೆಚ್ಚಿಬೀಳಿಸುವ ದೃಶ್ಯವೊಂದು ಇದೆ, ಎಚ್ಚರ.

ನನ್ನ ಆಯ್ಕೆ ಪುಸ್ತಕವೇ. ಮನೆಯಲ್ಲಿ ಪುಟ್ಟ ಮಗುವಿದ್ದು, ದಿನಗಟ್ಟಲೆ ಈ ಭಾರ ಹೊರಲಾಗದು ಎನಿಸಿದರೆ ಸಿನಿಮಾ ನೋಡಿ. ಎರಡು ಗಂಟೆಯೊಳಗೆ ಮುಗಿಯುತ್ತದೆ. ಎರಡೂ ಬೇಕೆಂದರೆ ಮೊದಲು ಓದಿ. ನೋಡಿದ ಮೇಲೆ ಓದಿದರೆ ಅಪ್ಪನ ಮುಖವನ್ನು ನೀವೇ ಕಲ್ಪಿಸಿಕೊಳ್ಳುವುದು ಕಷ್ಟ.