ಬೆಂಚ್ ಮಿಲ್ಲಿಂಗ್ ಮಷಿನ್ನಿನ ಟ್ರಾವೆಲ್ ಹೆಚ್ಚಿಸಿಕೊಡ್ತೀವಿ ಅನ್ನುವವರ ಕೈಗೆ ಸ್ಯಾಡಲ್ ಕೊಡಬೇಡಿ

ಮೊದಲಿಗೇ ಹೇಳಿಬಿಡುತ್ತೇನೆ. ಬೆಂಚ್ ಮಿಲ್ಲಿಂಗ್ ಮಷಿನ್ನಿನ (ಮೇಜಿನ ಮೇಲಿಟ್ಟು ಲೋಹ ಕಡಿಯುವ ಸಣ್ಣ ಯಂತ್ರ) ಟ್ರಾವೆಲ್, ಅಂದರೆ ಟೇಬಲ್ ಓಡುವ ದೂರ, ಹೆಚ್ಚಿಸಬೇಕು ಅನ್ನಿಸಿದರೆ, ಬೋಲ್ಟ್ ಹಾಕಿ ಕೂರಿಸುವ, ಬೇಡವಾದಾಗ ಬಿಚ್ಚಿ ತೆಗೆಯಬಹುದಾದ ಬದಲಾವಣೆಗೆ ಮಾತ್ರ ಒಪ್ಪಿ. ಯಂತ್ರದ ಮೂಲ ಬೀಡಿನ (ಎರಕದ ಕಬ್ಬಿಣದ) ಭಾಗವನ್ನು, ಅದರಲ್ಲೂ ಟೇಬಲ್ಲನ್ನು ಹೊತ್ತು ಬೇಸಿನ ಮೇಲೆ ಹಿಂದೆ ಮುಂದೆ ಜಾರುವ ಸ್ಯಾಡಲ್ಲನ್ನು, ಯಾರಿಗೂ ಕತ್ತರಿಸಲು ಬಿಡಬೇಡಿ. ಈ ಮಳೆಗಾಲದಲ್ಲಿ ನನ್ನ ಯಂತ್ರಕ್ಕೆ ಆದದ್ದನ್ನು ಬರೆಯುತ್ತಿರುವುದು ಇದಕ್ಕೇ. ಯಂತ್ರ ಹಾಳಾಯಿತು, ಅದು ದುಡ್ಡಿನ ಮಾತು. ಆದರೆ ನಮ್ಮಲ್ಲಿ ಕೆಲಸ ಕಲಿಯುವ ಐಟಿಐ ಹುಡುಗನಿಗೆ ಕರೆಂಟ್ ಹೊಡೆಯಿತು. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ನಿದ್ದೆ ಬರುವುದಿಲ್ಲ.

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಕಬ್ಬಿನ ಹಂಗಾಮು ಶುರುವಾಗುವ ಮುಂಚೆ ಟ್ರ್ಯಾಕ್ಟರ್ ಟ್ರೇಲರ್‌ಗಳ ಹೈಡ್ರಾಲಿಕ್ ಪಂಪು, ವಾಲ್ವ್ ರಿಪೇರಿ ಬಹಳ ಬರುತ್ತದೆ. ಸಣ್ಣ ಕವರ್ ಪ್ಲೇಟು, ವಾಲ್ವ್ ಬ್ಲಾಕುಗಳ ಮುಖ ತೆಗೆಯಲು (ಸಮತಟ್ಟು ಮಾಡಲು) ಚೀನಾದಿಂದ ಬರುವ ಎಕ್ಸ್2 ಮಾದರಿಯ ಬೆಂಚ್ ಮಿಲ್ ಇಟ್ಟುಕೊಂಡಿದ್ದೆ. ಈ ಮಾದರಿ ಗೊತ್ತಿದ್ದವರಿಗೆ ಅಳತೆಯೂ ಗೊತ್ತಿರುತ್ತದೆ. ಟೇಬಲ್ ಸುಮಾರು 390 ಮಿಮೀ ಉದ್ದ, 92 ಮಿಮೀ ಅಗಲ. ಎಡಬಲಕ್ಕೆ 220 ಮಿಮೀ ಆಸುಪಾಸು ಓಡುತ್ತದೆ, ಹಿಂದೆ ಮುಂದೆ ಬರೀ 100. ಅದರ ಮಿತಿಯೊಳಗೆ ಅದು ಪ್ರಾಮಾಣಿಕ ಯಂತ್ರ. ಗಿಬ್ (ಜಾರುವ ಭಾಗಗಳ ಸಂದು ಹೊಂದಿಸುವ ಪಟ್ಟಿ) ಸರಿ ಕೂರಿಸಿ, ಕಟರ್ ತಿರುಗಿಸುವ ಸ್ಪಿಂಡಲ್ ನೇರ ಮಾಡಿಕೊಂಡರೆ ಅಲ್ಯೂಮಿನಿಯಂ, ಹಿತ್ತಾಳೆ, ಬೀಡು ಎಲ್ಲವನ್ನೂ ಚೆನ್ನಾಗಿಯೇ ಕಡಿಯುತ್ತಿತ್ತು. ನನಗೆ ಬರುತ್ತಿದ್ದ ಕವರ್‌ಗಳಲ್ಲಿ ಕೆಲವು 140 ಮಿಮೀ ಅಗಲ ಇರುತ್ತಿದ್ದವು. ಹಾಗಾಗಿ ಹಿಂದೆ ಮುಂದೆ ಇನ್ನೊಂದು 50 ಮಿಮೀ ಬೇಕಿತ್ತು.

ಇಂಥ ಕೆಲಸ ಮಾಡಿಕೊಡುವ ಒಂದು ಶಾಪಿನ ಸುದ್ದಿ ಬಂತು. ಹೆಸರು ಬರೆಯುವುದಿಲ್ಲ. ಇಂಥವರು ಒಬ್ಬರೇ ಇಲ್ಲ, ಒಂದು ಹೆಸರು ಹೇಳಿದರೆ ಉಳಿದವರೆಲ್ಲ ಒಳ್ಳೆಯವರು ಅಂತ ಆಗಿಬಿಡುತ್ತದೆ. ಮಾತಾಗಿದ್ದು ಇಷ್ಟು: ಬೇಸ್ ಮತ್ತು ಕಾಲಂ (ಹೆಡ್ ಹೊತ್ತು ನಿಂತ ಕಂಬ) ನಡುವೆ ಎರಡೂ ಮುಖ ಗ್ರೈಂಡ್ ಮಾಡಿದ 50 ಮಿಮೀ ಸ್ಪೇಸರ್ ಹಾಕಿ ಕಾಲಂ ಹಿಂದಕ್ಕೆ ಸರಿಸುವುದು, ಅದಕ್ಕೆ ತಕ್ಕ ಉದ್ದದ ಲೀಡ್ ಸ್ಕ್ರೂ (ಟೇಬಲ್ ಸರಿಸುವ ತಿರುಪು) ಕೂರಿಸುವುದು. "ಏನೂ ಆಗಂಗಿಲ್ರೀ, ಕಣ್ಣು ಮುಚ್ಚಿ ಬಿಡ್ರಿ" ಅಂದರು. ಯಂತ್ರ ವಾಪಸ್ ಬಂದಾಗ ಟೇಬಲ್ ನಿಜವಾಗಿಯೂ 150 ಮಿಮೀ ಓಡುತ್ತಿತ್ತು. ಗಿಬ್ ಬಿಚ್ಚಿ ನೋಡಿದಾಗ ಸ್ಯಾಡಲ್ಲಿನ ಹಿಂದಿನ ಭಾಗ ಇರಲಿಲ್ಲ. ಆ್ಯಂಗಲ್ ಗ್ರೈಂಡರಿನ ಗುರುತು ಇನ್ನೂ ಹಾಗೇ ಇತ್ತು. ಒಂದು ಫೋನ್ ಮಾಡಿ ಕೇಳಿರಲಿಲ್ಲ.

ಅವರು ಯಾಕೆ ಕತ್ತರಿಸಿದರು ಅನ್ನುವುದು ತಿಳಿದರೆ ಅಪಾಯ ಎಲ್ಲಿದೆ ಅನ್ನುವುದೂ ತಿಳಿಯುತ್ತದೆ. ಟೇಬಲ್ ಹಿಂದಕ್ಕೆ ಹೋಗದಂತೆ ತಡೆಯುವುದು ಕಾಲಂ. ಕಾಲಮ್ಮನ್ನು 50 ಮಿಮೀ ಹಿಂದೆ ಸರಿಸಿದರೆ ಟೇಬಲ್ಲಿಗೆ ಅಷ್ಟು ಜಾಗವೇನೋ ಸಿಗುತ್ತದೆ, ಆದರೆ ಬೇಸಿನ ಮೇಲಿನ ಡವ್‌ಟೇಲ್ (ಸ್ಯಾಡಲ್ ಜಾರುವ ಓರೆ ಅಂಚಿನ ಹಳಿ) ಹಳೆಯ ಜಾಗದಲ್ಲೇ ಮುಗಿಯುತ್ತದೆ. ಸ್ಪೇಸರಿನ ಮೇಲೆ ಡವ್‌ಟೇಲ್ ಇಲ್ಲ. ಆ ಕೊನೆಯ 50 ಮಿಮೀಯಲ್ಲಿ ಸ್ಯಾಡಲ್ ಗಾಳಿಯಲ್ಲಿ ಚಾಚಿಕೊಳ್ಳಬೇಕು, ಇಲ್ಲವೇ ಗಿಡ್ಡವಾಗಬೇಕು. ನನ್ನದರಲ್ಲಿ ಎರಡೂ ಆಗಿತ್ತು.

ಸ್ಯಾಡಲ್ ಗಿಡ್ಡವಾದರೆ ಏನಾಗುತ್ತದೆ ಲೆಕ್ಕ ಹಾಕಿ. ಡವ್‌ಟೇಲಿನಲ್ಲಿ ಓಡಾಡಲು 0.03 ಮಿಮೀ ಸಂದು ಇದೆ ಅಂದುಕೊಳ್ಳಿ. ಹಿಡಿತದ ಉದ್ದ 120 ಮಿಮೀ ಇದ್ದರೆ ಸ್ಯಾಡಲ್ ಅಷ್ಟರೊಳಗೆ ಎಷ್ಟು ಓರೆಯಾಗಬಹುದೋ, ಅದು 200 ಮಿಮೀ ದೂರದ ಟೇಬಲ್ ತುದಿಯಲ್ಲಿ 0.05 ಮಿಮೀ ಆಗಿ ಕಾಣುತ್ತದೆ. ಹಿಡಿತ 80ಕ್ಕೆ ಇಳಿದರೆ ಅದೇ ಸಂದು ತುದಿಯಲ್ಲಿ 0.075 ಆಗುತ್ತದೆ. ಯಂತ್ರ ಸವೆದಿಲ್ಲ, ಗಿಬ್ ಸಡಿಲಾಗಿಲ್ಲ, ಆದರೂ ತಪ್ಪು ಒಂದೂವರೆ ಪಟ್ಟು. ಅದಕ್ಕೆಂದು ಗಿಬ್ ಬಿಗಿ ಮಾಡಿದರೆ ಹ್ಯಾಂಡ್‌ವೀಲ್ ತಿರುಗುವುದಿಲ್ಲ. ತುಸು ಸಡಿಲ ಬಿಟ್ಟರೆ ಕಟರ್ ಮುಟ್ಟಿದ ಕ್ಷಣವೇ ಟೇಬಲ್ ಹೊರಳುತ್ತದೆ. ಬಾಗಿಲಿಗೆ ಎರಡು ಬಿಜಾಗರಿಗಳನ್ನು ಪಕ್ಕಪಕ್ಕದಲ್ಲೇ ಹೊಡೆದ ಹಾಗೆ, ಎಷ್ಟು ಬಿಗಿದರೂ ಅದು ಜೋಲುವುದೇ. ಹಿಂದಿನ ತುದಿಗೆ ಹೋದಾಗಲಂತೂ ಉಳಿದ ಸ್ಯಾಡಲ್ಲಿನಲ್ಲೂ ಅರ್ಧಕ್ಕಿಂತ ಕಡಿಮೆ ಭಾಗ ಬೇಸಿನ ಮೇಲೆ ಇರುತ್ತಿತ್ತು, ಮೇಲೆ ವೈಸಿನ ಭಾರ ಬೇರೆ. ಹೆಚ್ಚು ಸಿಕ್ಕಿದ 50 ಮಿಮೀಯಲ್ಲಿ ಒಂದು ಮಿಮೀ ಕೂಡ ಕೆಲಸಕ್ಕೆ ಬರುವಂಥದ್ದಾಗಿರಲಿಲ್ಲ.

ಸ್ಪೇಸರ್ ಬೇರೆಯದೇ ಕಥೆ. ಗ್ರೈಂಡ್ ಮಾಡಿಕೊಡುತ್ತೇವೆ ಅಂದಿದ್ದು ಗ್ಯಾಸ್ ಕಟಿಂಗ್ ಮಾಡಿದ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟಿನ ತುಂಡಾಗಿತ್ತು. ಒಂದು ಮುಖ ಮಾತ್ರ ಮಿಲ್ ಮಾಡಿದ್ದರು. ಗ್ಯಾಸಿನಲ್ಲಿ ಕೊಯ್ದ ದಪ್ಪ ಪ್ಲೇಟಿನೊಳಗೆ ಒತ್ತಡ ಕೂತಿರುತ್ತದೆ. ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ನಿಧಾನ ಆರಿಸಿ ಒತ್ತಡ ತೆಗೆಯದೆ ಒಂದು ಮುಖ ಕಡಿದರೆ ಅದು ಬಾಗುತ್ತದೆ. ನಾನು ಸರ್ಫೇಸ್ ಪ್ಲೇಟಿನ ಮೇಲಿಟ್ಟು ಡಯಲ್ ಗೇಜ್ ಹಚ್ಚಿದಾಗ 100 ಮಿಮೀ ಎತ್ತರದಲ್ಲಿ 0.1 ಮಿಮೀ ವ್ಯತ್ಯಾಸ ಬಂತು. ಕೇಳಲು ಸಣ್ಣದು. ಆದರೆ ಕಾಲಂ ಅಷ್ಟು ಓರೆಯಾದರೆ 300 ಮಿಮೀ ಮೇಲೆ ಹೆಡ್ 0.3 ಮಿಮೀ ಸರಿದಿರುತ್ತದೆ. ಸ್ಪಿಂಡಲ್ ಕೂಡ ಅದೇ ಓರೆಯಲ್ಲಿ ನಿಂತಿರುತ್ತದೆ. 50 ಮಿಮೀ ಫ್ಲೈ ಕಟರ್ ಹಾಕಿ ಉದ್ದಕ್ಕೆ ಮುಖ ತೆಗೆದರೆ, ಒಂದು ಪಾಸು ಮುಗಿದು ಪಕ್ಕದ ಪಾಸು ಶುರುವಾಗುವಲ್ಲಿ 0.05 ಮಿಮೀ ಮೆಟ್ಟಿಲು. ಹೈಡ್ರಾಲಿಕ್ ಕವರಿನ ಮುಖ ಕೆಡಲು ಇದು ಸಾಕು. ಅಲ್ಲಿಂದಲೇ ಎಣ್ಣೆ ಜಿನುಗುತ್ತದೆ, ರೈತ ಟ್ರೇಲರ್ ವಾಪಸ್ ತರುತ್ತಾನೆ.

ಇನ್ನು ಲೀಡ್ ಸ್ಕ್ರೂ. ಹಳೆಯದು ಒಂದು ಸುತ್ತಿಗೆ 1.5 ಮಿಮೀ ಸರಿಯುತ್ತಿತ್ತು, ಹ್ಯಾಂಡ್‌ವೀಲಿನ ಡಯಲ್ ಗೆರೆಗಳೂ ಅದಕ್ಕೇ ಕೊರೆದವು. ಅವರು ಹಾಕಿದ್ದು ಅಂಗಡಿಯಲ್ಲಿ ಸಿಗುವ ಎಂ12 ಥ್ರೆಡೆಡ್ ರಾಡ್. ಅದರ ಪಿಚ್, ಅಂದರೆ ಒಂದು ಸುತ್ತಿಗೆ ಸರಿಯುವ ದೂರ, 1.75. ಡಯಲ್ ನಂಬಿ 40 ಮಿಮೀ ಸರಿಸಿದರೆ ಟೇಬಲ್ ಸುಮಾರು 46.7 ಮಿಮೀ ಹೋಗುತ್ತದೆ.

ಕಡಿಯುವಾಗ ಬರುತ್ತಿದ್ದ ಸದ್ದು ಬೇರೆ ಹೇಳಬೇಕು. ಮೊದಲು ಬೀಡಿನ ಮೇಲೆ ಅರ್ಧ ಮಿಮೀ ಆಳ ತೆಗೆದರೂ ಒಂದೇ ಶ್ರುತಿಯಲ್ಲಿ ಸದ್ದು ಇರುತ್ತಿತ್ತು. ಈಗ ಅದರ ಕಾಲುಭಾಗ ಆಳಕ್ಕೇ ಕಿರಿಚುತ್ತಿತ್ತು, ಮುಖದ ಮೇಲೆ ಅಲೆ ಅಲೆ ಗೆರೆ. ಕಾರ್ಬೈಡ್ ಎಂಡ್ ಮಿಲ್‌ಗಳು ಮುರಿದವು. ಬೀಡಿನಲ್ಲಿ ಗ್ರಾಫೈಟ್ ಚಕ್ಕೆಗಳಿರುತ್ತವೆ, ಕಂಪನವನ್ನು ಅವು ನುಂಗುತ್ತವೆ. ಉಕ್ಕು ಬೀಡಿಗಿಂತ ಬಲವಾದದ್ದು, ಆದರೆ ಅಷ್ಟು ಚೆನ್ನಾಗಿ ನುಂಗುವುದಿಲ್ಲ. ಅದರ ಜೊತೆಗೆ ಬಾಗಿದ ಪ್ಲೇಟು ಮೂಲೆಗಳಲ್ಲಷ್ಟೇ ಮುಟ್ಟಿಕೊಂಡು ಕೂತಿತ್ತು. ಅಂದಮೇಲೆ ಇಡೀ ಕಾಲಂ ಬೋಲ್ಟುಗಳ ಮೇಲೆ ತೂಗುತ್ತಿತ್ತು.

ಈಗ ಕರೆಂಟಿನ ವಿಷಯ. ಇದನ್ನು ಓದದೆ ಮುಂದೆ ಹೋಗಬೇಡಿ.

ಕಾಲಂ ಹಿಂದಕ್ಕೆ ಹೋದಾಗ ಮೋಟರಿಗೆ ಹೋಗುವ ವೈರ್ ಸಾಲಲಿಲ್ಲ. ಅವರು ತುಂಡು ವೈರ್ ಸೇರಿಸಿ, ತಿರುಚಿ, ಟೇಪ್ ಸುತ್ತಿ ಬಿಟ್ಟಿದ್ದರು. ಆ ಜೋಡು ಸ್ಪೇಸರಿನ ಹಿಂದಿನ ಅಂಚಿಗೆ ಒತ್ತಿಕೊಂಡಿತ್ತು. ಕಾಲಮ್ಮಿಗೆ ಬಿಗಿದಿದ್ದ ಹಸಿರು ಅರ್ಥ್ ವೈರನ್ನು ಬಿಚ್ಚಿದವರು ಮತ್ತೆ ಹಾಕಿರಲಿಲ್ಲ. ಈ ಜಾತಿಯ ಸಣ್ಣ ಮಿಲ್‌ಗಳಲ್ಲಿ ವೇಗ ನಿಯಂತ್ರಿಸುವ ಬೋರ್ಡು 230 ವೋಲ್ಟ್ ಮೇನ್ಸನ್ನು ನೇರವಾಗಿ ಡಿಸಿ ಮಾಡಿ ಮೋಟರಿಗೆ ಕೊಡುತ್ತದೆ, ನಡುವೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಹಾಗಾಗಿ ಮೋಟರ್ ವೈರ್ ಬಾಡಿಗೆ ತಾಗಿದರೆ ಬಾಡಿಗೆ ಮೇನ್ಸ್ ಬಂದ ಹಾಗೆಯೇ. ಅರ್ಥ್ ಇದ್ದರೆ ಆ ಕರೆಂಟು ಅದರ ದಾರಿ ಹಿಡಿದು ಬ್ರೇಕರ್ ಬೀಳಿಸುತ್ತದೆ. ಅರ್ಥ್ ಇಲ್ಲದಿದ್ದರೆ ಯಾರಾದರೂ ಮುಟ್ಟುವ ತನಕ ಕಾಯುತ್ತದೆ.

ಬೆಳಗಾವಿಯ ಜುಲೈ ಮಳೆ ನಿಮಗೆ ಗೊತ್ತು. ನೆಲ ಬೆವರುತ್ತದೆ, ಗೋಡೆ ಬೆವರುತ್ತದೆ. ಆ ಹುಡುಗ ಒದ್ದೆ ನೆಲದ ಮೇಲೆ ನಿಂತು ಹ್ಯಾಂಡ್‌ವೀಲ್ ಹಿಡಿದ. ಕಂಪನಕ್ಕೆ ಸವೆದ ಟೇಪಿನಿಂದ ವೈರ್ ಕಬ್ಬಿಣಕ್ಕೆ ತಾಗಿತ್ತು. ಅವನು ಕೂಗಿದ, ಅದೇ ಹೊತ್ತಿಗೆ 30 ಮಿಲಿಆ್ಯಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಬಿತ್ತು. ಅವನ ಜೀವ ಉಳಿಸಿದ್ದು ಆ ಒಂದು ಸಾಧನ. ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿದೆವು, ಏನೂ ಆಗಿಲ್ಲ ಅಂದರು. ಅವನ ತಾಯಿ ಬಂದು ಏನೂ ಮಾತಾಡದೆ ಮಗನ ಕೈ ಹಿಡಿದು ಕೂತಿದ್ದರು. ಆ ತಾಯಿಯ ಮುಂದೆ ನಾನು ಏನು ಹೇಳಲಿ?

ಶಾಪಿನವರಿಗೆ ಫೋನ್ ಮಾಡಿದೆ. "ಆರ್‌ಸಿಸಿಬಿ ಸುಮ್ನ ಬೀಳತಾವ್ರೀ, ಅದನ್ನ ತೆಗೆದು ಬರೀ ಎಂಸಿಬಿ ಇಡ್ರಿ" ಅಂತ ಉತ್ತರ ಬಂತು. ಈ ಸಲಹೆ ಕೊಡುವವರು ಊರ ತುಂಬ ಇದ್ದಾರೆ. ಎಂಸಿಬಿ ಇರುವುದು ವೈರಿಂಗ್ ಸುಡದಂತೆ ಕಾಯಲು, ಮನುಷ್ಯನ ಮೈಯಲ್ಲಿ ಹರಿಯುವಷ್ಟು ಸಣ್ಣ ಕರೆಂಟಿಗೆ ಅದು ಬೀಳುವುದಿಲ್ಲ. ಯಾರೇ ಹೇಳಲಿ, ಆರ್‌ಸಿಸಿಬಿ ತೆಗೆಯಬೇಡಿ. ದುಡ್ಡು ವಾಪಸ್ ಕೇಳಿದ್ದಕ್ಕೆ "ನೀವು ಕೇಳಿದ್ದು ಟ್ರಾವೆಲ್, ಕೊಟ್ಟೀವಲ್ಲ" ಅಂದರು. ಮಾತಾಗಿದ್ದರಲ್ಲಿ ಯಾವುದೂ ಕಾಗದದ ಮೇಲೆ ಇರಲಿಲ್ಲ, ಹಾಗಾಗಿ ಅಲ್ಲಿಗೇ ನಿಂತಿತು.

ಬಿಚ್ಚಬಹುದಾದ್ದನ್ನೆಲ್ಲ ಬಿಚ್ಚಿದ್ದೇನೆ. ಸ್ಪೇಸರ್ ತೆಗೆದೆ, ಹಳೆಯ ಸ್ಕ್ರೂ ವಾಪಸ್ ಹಾಕಿದೆ, ವೈರಿಂಗ್ ಪೂರ್ತಿ ಹೊಸದು. ಸ್ಯಾಡಲ್ ಮಾತ್ರ ಬೆಳೆಯುವುದಿಲ್ಲ. ಹೊಸ ಸ್ಯಾಡಲ್ ತರಿಸಿದರೂ ಹಳೆಯ ಬೇಸಿಗೆ, ಟೇಬಲ್ಲಿಗೆ ಅದನ್ನು ಹೊಂದಿಸಿ ಸ್ಕ್ರೇಪ್ ಮಾಡಬೇಕು, ಅಂದರೆ ಕೈಯಿಂದ ಕೆರೆದು ಕೂರಿಸಬೇಕು. ಆ ಕೈ ಇರುವ ಹಿರಿಯ ಫಿಟ್ಟರುಗಳು ನಮ್ಮಲ್ಲಿ ಇನ್ನೂ ಇದ್ದಾರೆ, ಅದೊಂದು ಸಮಾಧಾನ.

ನಿಮಗೆ ನಿಜಕ್ಕೂ ಜಾಗ ಸಾಲದಿದ್ದರೆ ಯಂತ್ರ ಕತ್ತರಿಸದೆಯೂ ದಾರಿ ಇದೆ. ಒಂದು ದಪ್ಪ ಪ್ಲೇಟಿನಲ್ಲಿ ಗೊತ್ತಾದ ಅಂತರಕ್ಕೆ 6 ಮಿಮೀ ರೀಮ್ ಮಾಡಿದ (ನಿಖರ ಅಳತೆಗೆ ತಂದ) ಡೊವೆಲ್ ಪಿನ್ನಿನ ತೂತುಗಳನ್ನು ಹಾಕಿ. ಕೆಲಸದ ತುಂಡನ್ನು ಅದಕ್ಕೆ ಬಿಗಿದು ಅರ್ಧ ಮುಗಿಸಿ, ಡೊವೆಲ್ ಮೇಲೆ ಸರಿಸಿ ಉಳಿದರ್ಧ ಮುಗಿಸಿ. ನಾನು ಈಗ 140ರ ಕವರ್‌ಗಳಲ್ಲಿ ತೂತಿನ ಕೆಲಸವನ್ನು ಹೀಗೇ ಮಾಡುತ್ತಿದ್ದೇನೆ. ಪೂರ್ತಿ ಮುಖ ಒಂದೇ ಬಾರಿಗೆ ಬೇಕಾದ ತುಂಡುಗಳನ್ನು ಉದ್ಯಮಬಾಗದಲ್ಲೋ ಮಚ್ಛೆಯಲ್ಲೋ ದೊಡ್ಡ ಮಿಲ್ ಇರುವವರಿಗೆ ಗಂಟೆ ಲೆಕ್ಕದಲ್ಲಿ ಕೊಡುತ್ತೇನೆ. ಸ್ಪೇಸರ್ ಹಾಕಿಸಲೇಬೇಕು ಅನ್ನುವವರು ಫೌಂಡ್ರಿಗಳಿರುವ ಈ ಊರಲ್ಲಿ ಎಂಎಸ್ ತುಂಡಿಗೆ ಒಪ್ಪಬೇಕಿಲ್ಲ. ಬೀಡಿನಲ್ಲಿ ಎರಕ ಹೊಯ್ಯಿಸಿ, ಒತ್ತಡ ತೆಗೆಸಿ, ಎರಡೂ ಮುಖ ಸರ್ಫೇಸ್ ಗ್ರೈಂಡ್ ಮಾಡಿಸಿ, ನಾಲ್ಕೂ ಮೂಲೆಯ ದಪ್ಪವನ್ನು ಮೈಕ್ರೋಮೀಟರಿನಲ್ಲಿ ನಿಮ್ಮ ಕಣ್ಣೆದುರೇ ಅಳೆಸಿ. ಸ್ಯಾಡಲ್ ಡವ್‌ಟೇಲ್ ಬಿಟ್ಟು ಎಷ್ಟು ಹೊರಚಾಚುತ್ತದೆ ಅಂತ ಮೊದಲೇ ಕೇಳಿ. ಆ ಪ್ರಶ್ನೆ ಅರ್ಥವಾಗದವರಿಗೆ ಯಂತ್ರ ಬಿಟ್ಟು ಬರಬೇಡಿ. ಸ್ಯಾಡಲ್, ಬೇಸ್, ಟೇಬಲ್ ಕತ್ತರಿಸುವಂತಿಲ್ಲ ಅಂತ ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿ, ಬಿಡುವ ಮುಂಚೆ ಆ ಮೂರರದ್ದೂ ಫೋಟೋ ತೆಗೆದಿಟ್ಟುಕೊಳ್ಳಿ.

ಈಗಾಗಲೇ ಇಂಥ ಕೆಲಸ ಮಾಡಿಸಿಕೊಂಡು ಬಂದಿದ್ದರೆ ಇವತ್ತು ಯಂತ್ರ ಚಾಲೂ ಮಾಡುವ ಮುಂಚೆ ಪ್ಲಗ್ ಕಿತ್ತು, ಮಲ್ಟಿಮೀಟರಿನ ಒಂದು ಕಡ್ಡಿ ಪ್ಲಗ್ಗಿನ ದಪ್ಪ ಅರ್ಥ್ ಪಿನ್ನಿಗೆ, ಇನ್ನೊಂದು ಟೇಬಲ್ಲಿನ ಬಣ್ಣವಿಲ್ಲದ ಜಾಗಕ್ಕೆ ಹಿಡಿಯಿರಿ. ಆಮೇಲೆ ಕಾಲಮ್ಮಿಗೂ ಮೋಟರಿನ ಬಾಡಿಗೂ ಹಿಡಿಯಿರಿ. ಎಲ್ಲ ಕಡೆ ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ತೋರಿಸದಿದ್ದರೆ ಪ್ಲಗ್ ಹಾಕಬೇಡಿ, ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ.